ಇಪ್ಪತ್ತೆರಡು ಮಿಲಿಮೀಟರಿನ ಮರ್ಯಾದೆ

ಕಾರಿನ ಹೊಟ್ಟೆಯ ಕೆಳಗೆ ಏನೇನಿದೆ ಎಂಬ ವಿಷಯದಲ್ಲಿ ಬಾಯಿ ಬಿಡುವ ಹಕ್ಕು ಇಬ್ಬರಿಗೆ ಮಾತ್ರ ಇದೆ: ಅದನ್ನು ಮಾಡಿದವನಿಗೆ ಮತ್ತು ಅದನ್ನು ರಿಪೇರಿ ಮಾಡುವವನಿಗೆ. ಮೂರನೆಯವನಾಗಿ ನಾನು ಬಾಯಿ ಬಿಟ್ಟೆ. ಅದೂ ಎದುರು ಮನೆಯ ಹಲ್ಲಿನ ಡಾಕ್ಟರ ಹಜಾರದಲ್ಲಿ. ಬಾಯಿ ಬಿಟ್ಟವರ ಗತಿ ಏನಾಗುತ್ತದೆಂದು ಚೆನ್ನಾಗಿ ಬಲ್ಲ ಮನುಷ್ಯನ ಎದುರಿಗೆ.

ನಾವು ಹೋಗಿದ್ದು ಕೇಕಿನ ವಿಚಾರಕ್ಕೆ. ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ. ಬೀದಿಯವರು ಮರ್ಯಾದೆಗೆ ‘ವಾಟರ್ ಸಾಹೇಬ್ರು’ ಎನ್ನುತ್ತಾರೆ, ನಲ್ಲಿ ನಿಂತ ದಿನ ಬೇರೇನೋ ಎನ್ನುತ್ತಾರೆ. ನನ್ನ ಹೆಂಡತಿ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಅಲ್ಲಿಯವರೆಗೆ ಅವಳದು ಮಕ್ಕಳ ಹುಟ್ಟುಹಬ್ಬದ ಸಣ್ಣಪುಟ್ಟ ಕೇಕು. ಈಗ ಡಾಕ್ಟರ ಮಗಳ ಮದುವೆಗೆ ನಾಲ್ಕು ಅಂತಸ್ತಿನದು. ಮದುವೆ ಹಾಲಿನ ಮ್ಯಾನೇಜರು ಅವಳಿಗೆ, “ಇದೊಂದು ನೆಟ್ಟಗೆ ಬಂದು ನಿಲ್ಲಲಿ ಅಮ್ಮಾ, ಮುಂದೆ ಇಲ್ಲಾಗೋ ಮದುವೆಗೆಲ್ಲ ನಿಮ್ಮ ಹೆಸರೇ ಹೇಳ್ತೀನಿ” ಎಂದಿದ್ದ. ಅವಳಿಗೆ ಅಂದಿನಿಂದ ‘ನೆಟ್ಟಗೆ’ ಎಂಬ ಶಬ್ದ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ಹಾಲ್ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಹೋಗುವ ದಾರಿಯಲ್ಲಿ ತಿರುವು ಬಿಟ್ಟರೆ ಬೇರೇನೂ ಇರಲಿಲ್ಲ. ಮತ್ತು ಕೇಕು ಹೋಗಬೇಕಾಗಿದ್ದದ್ದು ನಮ್ಮ ಕಾರಿನಲ್ಲಿ.

“ಕೇಕಿನ ಬಗ್ಗೆ ನಂಗೆ ಅನುಮಾನ ಇಲ್ಲಮ್ಮ,” ಎಂದರು ಡಾಕ್ಟರು. “ಕಾರಿನ ಬಗ್ಗೆ ಇದೆ. ಮೊನ್ನೆ ಮೂಲೇಲಿ ನಿಮ್ಮ ಯಜಮಾನರು ತಿರುಗಿಸ್ತಾ ಇದ್ರು. ಕಾರು ಹಾಗೇ ಪಕ್ಕಕ್ಕೆ ಮಲಗಿಬಿಡುತ್ತೆ ಅಂತ ನಮ್ಮನೆಯವಳು ಕಿರುಚಿದ್ಲು. ಬೇರೆ ಯಾರಿಗಾದ್ರೂ ಹೇಳೋಣ್ವಾ ಅಂತ...”

ಹೆಂಡತಿಯ ಮುಖ ಒಲೆಯಿಂದ ಬೇಗ ತೆಗೆದ ಕೇಕಿನ ಹಾಗೆ ನಡುವಿನಲ್ಲಿ ಕುಸಿಯಿತು. ಅದನ್ನು ನೋಡಿ ನಾನು ಮಾತಾಡಿದೆ.

“ಡಾಕ್ಟ್ರೇ, ಅದು ನೋಡೋರ ಕಣ್ಣಿಗೆ ಹಾಗೆ ಕಾಣುತ್ತೆ. ನಮ್ಮ ಕಾರಿನ ಸ್ವೇ ಬಾರ್ ಇದೆಯಲ್ಲ, ಅದು ಫ್ಯಾಕ್ಟರಿಯಿಂದಲೇ ದಪ್ಪ ಬಂದಿರೋದು. ಈ ಬೀದೀಲಿ ಅಷ್ಟು ದಪ್ಪದ್ದು ಇನ್ನೊಂದಿಲ್ಲ.”

ಸ್ವೇ ಬಾರ್ ಎಂದರೆ ಕಾರಿನ ಕೆಳಗೆ ಈ ಕಡೆ ಚಕ್ರದಿಂದ ಆ ಕಡೆ ಚಕ್ರಕ್ಕೆ ಅಡ್ಡಲಾಗಿ ಹಾಕಿರುವ ಒಂದು ಉಕ್ಕಿನ ಕಂಬಿ. ತಿರುವಿನಲ್ಲಿ ಕಾರು ಒಂದೇ ಪಕ್ಕಕ್ಕೆ ವಾಲದ ಹಾಗೆ ಎರಡು ಪಕ್ಕವನ್ನೂ ಕಟ್ಟಿ ಹಿಡಿಯುತ್ತದೆ. ದಪ್ಪವಿದ್ದಷ್ಟೂ ವಾಲುವುದು ಕಡಿಮೆ. ಇಷ್ಟು ನನಗೆ ಗೊತ್ತಿದ್ದದ್ದು ಫೋನಿನಲ್ಲಿ ಯಾವನೋ ಪುಣ್ಯಾತ್ಮ ಬೇರೆ ಬೇರೆ ಕಾರುಗಳ ಕಂಬಿಯ ದಪ್ಪವನ್ನು ಹೋಲಿಸಿ ಹಾಕಿದ್ದ ಪಟ್ಟಿಯಿಂದ. ಅದನ್ನು ನಾನು ಅರ್ಧ ಓದಿದ್ದೆ. ಉಳಿದರ್ಧ ಓದುವ ಮೊದಲೇ ಮಗಳು ಚಾರ್ಜರ್ ಕಿತ್ತುಕೊಂಡು ಹೋಗಿದ್ದಳು. ಈ ಕಥೆಯಲ್ಲಿ ಮುಂದೆ ಆದದ್ದೆಲ್ಲ ಆ ಉಳಿದರ್ಧದಲ್ಲಿತ್ತು.

ಡಾಕ್ಟರು ಕನ್ನಡಕ ಏರಿಸಿಕೊಂಡರು. “ನನ್ನ ಕಾರಿಗಿಂತ ದಪ್ಪಾನಾ?”

ಅವರ ಕಾರು ಬಿಳಿಯದು, ದೊಡ್ಡದು, ಹೊಸದು. ಅದರ ಪಕ್ಕದಲ್ಲಿ ನಿಂತರೆ ನಮ್ಮದು ಅದರ ಟೂಲ್ ಬಾಕ್ಸಿನ ಹಾಗೆ ಕಾಣುತ್ತಿತ್ತು. ಹೌದು ಎನ್ನುವ ಧೈರ್ಯ ಇರಲಿಲ್ಲ, ಇಲ್ಲ ಎಂದರೆ ಕೇಕು ಹೋಗುತ್ತಿತ್ತು.

“ಅಳೆದು ತೋರಿಸ್ತೀನಿ,” ಎಂದೆ.

ಮಗಳ ಕಾಲೇಜು ಚೀಲದಲ್ಲಿದ್ದ, ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರನ್ನು ಕೇಳಿ ಪಡೆದೆ. “ಅಪ್ಪಾ, ಅದು ಲ್ಯಾಬಿಂದು. ಗ್ರೀಸ್ ಮೆತ್ತಿಕೊಂಡು ಬಂದ್ರೆ ನಾನು ನಿಮ್ಮ ಮಗಳೇ ಅಲ್ಲ,” ಎಂದು ಕೊಟ್ಟಳು.

ಮೊದಲು ನಮ್ಮ ಕಾರು. ಅದಕ್ಕೆ ರಿವರ್ಸ್ ಗೇರು ಬೀಳುವುದಿಲ್ಲ. ಹಾಗಾಗಿ ನಾನು ಬೀದಿಯ ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ಉರುಳಿಸಿ ಗೇಟಿನೊಳಗೆ ಬಿಡುತ್ತೇನೆ. ಬೆಳಿಗ್ಗೆ ಮೂಗು ಬೀದಿಗಿರುತ್ತದೆ, ನೆಟ್ಟಗೆ ಹೊರಡಬಹುದು. ಮೂಗಿನ ಕಡೆಯಿಂದ ತೆವಳಿ ಹೋಗಿ ಅಳೆದೆ. ಇಪ್ಪತ್ತೆರಡು ಮಿಲಿಮೀಟರು.

ಆಮೇಲೆ ಡಾಕ್ಟರ ಕಾರು. ಬೀದಿಯ ಎಲ್ಲರ ಕಾರಿನಂತೆ ಅದೂ ಮೂಗನ್ನು ಗೋಡೆಗೆ ಒತ್ತಿ, ಬೆನ್ನು ಬೀದಿಗೆ ಮಾಡಿ ನಿಂತಿತ್ತು. ಮುಂದೆ ಅವರ ಹೆಂಡತಿಯ ಗುಲಾಬಿ ಕುಂಡಗಳು, ನುಸುಳಲು ಜಾಗವಿಲ್ಲ. ಹಿಂದಿನಿಂದ ನುಸುಳಿದೆ. ಕಂಬಿ ಸಿಕ್ಕಿತು. ಅಳೆದೆ. ನಂಬಲಾಗದೆ ಇನ್ನೊಮ್ಮೆ ಅಳೆದೆ.

“ಎಷ್ಟ್ರೀ?” ಎಂದರು ಡಾಕ್ಟರು ಮೇಲಿನಿಂದ.

“ಹದಿನಾರು.”

 ಅಷ್ಟರಲ್ಲಿ ಬೂಟಿನ ಸದ್ದು ಕೇಳಿತು, ಮರುಕ್ಷಣ ಯಾರೋ ನನ್ನ ಎರಡೂ ಕಾಲು ಹಿಡಿದು ದರದರನೆ ಎಳೆದರು. ಬೀದಿಯ ಕೊನೆಮನೆಯ ಹೆಡ್ ಕಾನ್‌ಸ್ಟೇಬಲ್. ಡ್ಯೂಟಿ ಮುಗಿಸಿ ಬರುತ್ತಿದ್ದವರಿಗೆ ಕಾರಿನ ಕೆಳಗಿಂದ ಎರಡು ಕಾಲು ಕಂಡಿವೆ.

“ಸೈಲೆನ್ಸರ್ ಕದೀತೀಯಾ? ನಮ್ಮ ಬೀದೀಲೇ?” ಎಂದವರು ಮುಖ ನೋಡಿ ಬೆಚ್ಚಿದರು. “ಅಯ್ಯೋ, ವಾಟರ್ ಸಾಹೇಬ್ರು! ಸಂಬಳ ಸಾಲ್ತಾ ಇಲ್ವಾ ಸಾರ್?”

ವಿಷಯ ವಿವರಿಸಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಕಂಬಿ ಎಣಿಸೋರನ್ನ ನೋಡಿದ್ದೀನಿ, ಅಳೆಯೋರನ್ನ ನೋಡಿರಲಿಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ಸಾರ್... ನಂದು ಎಷ್ಟಿರಬಹುದು?”

ಅಲ್ಲಿಗೆ ಬೆಂಕಿ ಹತ್ತಿತು.

ಮಾರನೆಯ ದಿನದಿಂದ ನಾನು ಕಚೇರಿಯಿಂದ ಬರುವುದನ್ನೇ ಜನ ಕಾಯತೊಡಗಿದರು. ಬ್ಯಾಗು ಇಡುವಷ್ಟರಲ್ಲಿ ಒಬ್ಬರು, ಮುಖ ತೊಳೆಯುವಷ್ಟರಲ್ಲಿ ಇನ್ನೊಬ್ಬರು. “ಒಂದ್ನಿಮಿಷ ನಮ್ಮದು ನೋಡಿಬಿಡಿ ಸಾರ್.” ಅಂಗಿಯ ಬೆನ್ನಿಗೆ ಅಂಟಿದ ಕರಿ ಹೋಗದೆ ನಾನು ದಿನಾ ಅದೇ ಅಂಗಿಯಲ್ಲಿ ಬೀದಿಯ ಕಾರುಗಳ ಬೆನ್ನ ಕೆಳಗೆ ಮಲಗಿದೆ. ಕಾನ್‌ಸ್ಟೇಬಲರದ್ದು ಹದಿನೈದು. ಟೈಲರ್ ಮಾಸ್ಟರದ್ದು ಹದಿನಾಲ್ಕು. ಯಾರೋ ತಮ್ಮ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಹೆಮ್ಮೆಯಿಂದ ‘೧೭’ ಎಂದು ಬರೆದುಕೊಂಡರು. ಪಕ್ಕದ ಮನೆಯವರು ಅವರೊಡನೆ ಮಾತು ಬಿಟ್ಟರು. ಟೈಲರ್ ಮಾಸ್ಟರು, ಅಗಲ ಮಾಡಲು ಕೊಟ್ಟಿದ್ದ ನನ್ನ ಪ್ಯಾಂಟಿನ ಸೊಂಟ ಬಿಚ್ಚಿ ಹಾಗೇ ಇಟ್ಟುಕೊಂಡು, “ನೀವು ನಮ್ಮದನ್ನ ಕಮ್ಮಿ ಅಳೆದ್ರಿ, ನಾನೂ ನಿಮ್ಮದನ್ನ ಕಮ್ಮಿ ಅಳೀಬಹುದಾಗಿತ್ತು. ಅಳೀಲಿಲ್ಲ. ಅದು ನನ್ನ ದೊಡ್ಡ ಗುಣ,” ಎಂದರು. ಆದರೂ ಪ್ಯಾಂಟು ಕೊಡಲಿಲ್ಲ.

ಇಡೀ ಬೀದಿಯಲ್ಲಿ ಇಪ್ಪತ್ತೆರಡು ನಮ್ಮದೊಂದೇ. ತಲೆ ತಗ್ಗಿಸಿ ನಡೆಯುತ್ತಿದ್ದ ನಾನು ಎದೆ ಮುಂದೆ ಮಾಡಿ ನಡೆದೆ. ನಮ್ಮ ಕಾರಿನ ಬಾಗಿಲು ಮುಚ್ಚಲು ಇನ್ನೂ ಎರಡು ಸಲ ಒದೆಯಬೇಕಿತ್ತು, ಆದರೆ ಈಗ ಜನ ಅದನ್ನೂ ಗೌರವದಿಂದ ನೋಡುತ್ತಿದ್ದರು.

“ರೀ, ಸಾಕು ಮಾಡಿ,” ಎಂದಳು ಹೆಂಡತಿ. “ಡಾಕ್ಟ್ರ ಹೆಂಡ್ತಿ ಈಗ ನನ್ನ ನೋಡಿದ್ರೆ ಮುಖ ತಿರುಗಿಸ್ತಾರೆ. ಹದಿನಾರು ಅಂತ ಹೇಳೋ ಬದ್ಲು ಇಪ್ಪತ್ತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಅಳತೆ ಅಂದ್ರೆ ಅಳತೆ ಕಣೇ. ಸುಳ್ಳು ಹೇಳೋಕಾಗುತ್ತಾ?”

“ಮೊದಲ ದಿನ ಅಳೆಯೋಕೆ ಮುಂಚೆ ಹೇಳಿದ್ರಲ್ಲ, ಅದೇನು?”

ನಾನು ಕ್ಯಾಲಿಪರಿನ ಗ್ರೀಸು ಒರೆಸತೊಡಗಿದೆ.

ಆಗ ಬೀಗರು ಬಂದರು. ಹುಡುಗನ ತಂದೆ, ಸಾಮಿಲ್ ಮಾಲೀಕರು. ದಿಮ್ಮಿಗಳ ನಡುವೆ ಬದುಕಿ ದಿಮ್ಮಿಯ ಹಾಗೇ ಆದ ಮನುಷ್ಯ. ಏನೇ ಕಂಡರೂ ಮೊದಲು ಅದರ ಸುತ್ತಳತೆ ನೋಡುವವರು. ಅವರ ಕಾರಿಗೆ ಡ್ರೈವರ್ ಇದ್ದ. ಡ್ರೈವರುಗಳ ಅಭ್ಯಾಸದಂತೆ ಅವನು ಕಾರನ್ನು ಹಿಮ್ಮುಖ ಹೊಕ್ಕಿಸಿ, ಮೂಗು ಬೀದಿಗೆ ಮಾಡಿ, ಯಾವಾಗ ಬೇಕಾದರೂ ಓಡಲು ಸಿದ್ಧವಾಗಿ ನಿಲ್ಲಿಸಿದ. ಗೇಟಿನ ಮೇಲಿನ ಸೀಮೆಸುಣ್ಣದ ಅಂಕಿ ನೋಡಿ ಬೀಗರು ವಿಚಾರಿಸಿದರು. ಯಾರೋ ನನ್ನನ್ನು ತೋರಿಸಿದರು. ನಾನು ಮೂಗಿನ ಕಡೆಯಿಂದ ಹೊಕ್ಕೆ.

ಇಪ್ಪತ್ತನಾಲ್ಕು!

ಬೀಗರು ನನ್ನ ಬೆನ್ನು ತಟ್ಟಿದರು. ನೇರವಾಗಿ ಡಾಕ್ಟರ ಹಜಾರಕ್ಕೆ ನಡೆದರು. ನಾನು ಹಿಂದೆಯೇ ಹೋದೆ, ಹೋಗಬಾರದಿತ್ತು.

“ಏನ್ ಬೀಗರೇ, ನಿಮ್ಮದು ಬರೀ ಹದಿನಾರಂತೆ?”

ಡಾಕ್ಟರು ಕಾಫಿ ಬಟ್ಟಲು ಕೆಳಗಿಟ್ಟರು. “ಕಾರು ದೊಡ್ಡದಿದೆ ಬೀಗರೇ. ಕಂಬಿ ಯಾರು ನೋಡ್ತಾರೆ?”

“ನಾನು ನೋಡ್ತೀನಿ. ಹದಿನಾರು ಅಂದ್ರೆ ನಮ್ಮ ಮಿಲ್ಲಲ್ಲಿ ಒಲೆಗೆ ಹಾಕ್ತೀವಿ.” ಅವರು ನಕ್ಕರು. ಯಾರೂ ನಗಲಿಲ್ಲ. “ತಮಾಷೆ ಬಿಡಿ. ಆ ಗುಡ್ಡದ ರಸ್ತೇಲಿ ನಮ್ಮ ಸೊಸೆ ಆ ಕಾರಲ್ಲಿ ಬರೋದು ಬೇಡ. ನಮ್ಮ ಕಾರು ಕಳಿಸ್ತೀನಿ.”

“ನನ್ನ ಮಗಳು ನನ್ನ ಕಾರಲ್ಲಿ ಬರ್ತಾಳೆ.”

“ಹದಿನಾರರಲ್ಲಿ?”

“ಹದಿನಾರರಲ್ಲಿ! ಇಷ್ಟ ಇದ್ರೆ ಮದುವೆ. ಇಲ್ದಿದ್ರೆ ನಿಮ್ಮ ಇಪ್ಪತ್ತನಾಲ್ಕನ್ನ ನೀವೇ ಮನೆ ತುಂಬಿಸಿಕೊಳ್ಳಿ!”

ಒಳಬಾಗಿಲಲ್ಲಿ ಮದುಮಗಳು ನಿಂತಿದ್ದಳು. ಅಳಲಿಲ್ಲ. ನನ್ನನ್ನು ನೋಡಿದಳು. ಗ್ರೀಸು ಮೆತ್ತಿದ ಅಂಗಿ, ಕೈಯಲ್ಲಿ ಕ್ಯಾಲಿಪರ್. ಅವಳ ನೋಟದ ಕೆಳಗೆ ನಾನು ಮಿಲಿಮೀಟರಿನಲ್ಲಿ ಅಳೆಯುವಷ್ಟಾದೆ. ಎದುರು ಮನೆಯ ಅಡುಗೆಮನೆಯಲ್ಲಿ ಕೆಳಗಿನ ಅಂತಸ್ತು ಆಗಲೇ ಬೇಯುತ್ತಿತ್ತು. ಅದರ ವಾಸನೆ ಬೀದಿ ದಾಟಿ ಹಜಾರಕ್ಕೆ ಬರುತ್ತಿತ್ತು.

ಡಾಕ್ಟರು ತಟ್ಟನೆ ನನ್ನತ್ತ ಬೆರಳು ಮಾಡಿದರು. “ನಿಮ್ಮ ಕಾರಿಗಿಂತ ಇವರ ಕಾರಲ್ಲಿ ಕಳಿಸ್ತೀನಿ! ಇವರದು ಇಪ್ಪತ್ತೆರಡು.”

ಬೀಗರು ನನ್ನನ್ನು ಬುಡದಿಂದ ತುದಿವರೆಗೆ ನೋಡಿದರು. ಮುರಿದುಕೊಂಡು ಹೋಗಲು ಅವರಿಗೂ ಮನಸ್ಸಿರಲಿಲ್ಲ. “ಇಪ್ಪತ್ತೆರಡಾ? ಆಯ್ತು, ನಡೆಯುತ್ತೆ,” ಎಂದರು.

ಹೀಗೆ ಮದುವೆ ಉಳಿಯಿತು. ವಧು ಮತ್ತು ಕೇಕು, ಎರಡೂ ನಮ್ಮ ಕಾರಿನಲ್ಲಿ ಗುಡ್ಡ ಹತ್ತುವುದೆಂದು ತೀರ್ಮಾನವಾಯಿತು. ನಾನು ಗೆದ್ದವನ ಹಾಗೆ ಮನೆಗೆ ಬಂದೆ.

ರಾತ್ರಿ ಹೆಂಡತಿ ಒಂದರ ಮೇಲೊಂದು ಅಂತಸ್ತು ಏರಿಸಿ ಅಂದಾಜು ನೋಡುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಕೈ ನಿಲ್ಲಿಸದೆ ಕೇಳಿದಳು: “ಅಲ್ಲಾ ರೀ, ಅಷ್ಟು ದೊಡ್ಡ ಕಾರಿಗೆ ಅಷ್ಟು ಸಣ್ಣ ಕಂಬಿ ಯಾಕೆ ಹಾಕ್ತಾರೆ? ನೀವು ಎಲ್ಲಿಂದ ನುಗ್ಗಿದ್ರಿ?”

“ಹಿಂದಿನಿಂದ. ಮುಂದೆ ಕುಂಡ ಇತ್ತು.”

“ಬೀಗರದು?”

“ಮುಂದಿನಿಂದ.”

“ನಮ್ಮದು?”

“ಮುಂದಿನಿಂ...” ಎಂದು ನಿಂತೆ.

ಅವಳು ಕೇಕಿನ ಮೇಲಿನ ಪುಟಾಣಿ ಅಂತಸ್ತನ್ನು ತೋರಿಸಿದಳು, ಆಮೇಲೆ ಕೆಳಗಿನ ದಪ್ಪ ಅಂತಸ್ತನ್ನು. “ಊರವರದೆಲ್ಲ ಇದನ್ನ ಅಳೆದು, ನಮ್ಮದು ಇದನ್ನ ಅಳೆದಿದ್ದೀರಾ?”

ನಾನು ಅಂಗಳಕ್ಕೆ ಓಡಿದೆ. ಗೋಡೆಗೂ ಕಾರಿಗೂ ನಡುವಿನ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ತೂರಿ, ನಮ್ಮ ಕಾರಿನ ಹಿಂಭಾಗದ ಕೆಳಗೆ ಕೈ ಹಾಕಿದೆ. ಅಲ್ಲಿ ಹದಿನಾರೂ ಇರಲಿಲ್ಲ, ಹದಿನಾಲ್ಕೂ ಇರಲಿಲ್ಲ. ಕಂಬಿಯೇ ಇರಲಿಲ್ಲ. ನಮ್ಮ ಕಾರು ಮಾಡಿದವರು ಹಿಂದುಗಡೆ ಬರೀ ಗಾಳಿ ಬಿಟ್ಟು ಕಳಿಸಿದ್ದರು. ಫೋನು ತೆಗೆದು ಆ ಪಟ್ಟಿಯ ಉಳಿದರ್ಧ ಓದಿದೆ. ಎಡಗಡೆಯ ಸಾಲು ಮುಂದಿನ ದಪ್ಪ ಕಂಬಿಯದು, ಬಲಗಡೆಯ ಸಾಲು ಹಿಂದಿನ ಸಣ್ಣದರದು. ನಮ್ಮ ಕಾರಿನ ಎದುರು ಬಲಗಡೆ ಒಂದು ಗೆರೆ ಎಳೆದಿತ್ತು.

“ಈಗ್ಲೇ ಹೋಗಿ ಹೇಳಿಬಿಡ್ತೀನಿ,” ಎಂದೆ.

“ಹೇಳಿದ್ರೆ ವಧು ಯಾರ ಕಾರಲ್ಲಿ ಬರಬೇಕು ಅಂತ ಮತ್ತೆ ಜಗಳ. ಮದುವೆ ನಿಲ್ಲುತ್ತೆ.”

“ಹೇಳ್ದೇ ಇದ್ರೆ?”

ಅವಳು ಕೇಕನ್ನು ನೋಡಿದಳು.

ಮದುವೆಯ ದಿನ ಬಿಸಿಲು ಬೆಳಿಗ್ಗೆಯಿಂದಲೇ ಹಲ್ಲು ಕಿರಿಯುತ್ತಿತ್ತು. ಹಿಂದಿನ ಸೀಟಿಗೆ ಹಲಗೆ ಹಾಸಿ, ನಡುವೆ ಕೇಕು ಇಟ್ಟು, ಪಕ್ಕದಲ್ಲಿ ಹೆಂಡತಿ ಅದನ್ನು ತಬ್ಬಿ ಕೂತಳು. ಮುಂದಿನ ಸೀಟಿನಲ್ಲಿ ಬಿಳಿ ಉಡುಪಿನ ಮದುಮಗಳು. ನಮ್ಮ ಹಿಂದೆ ಡಾಕ್ಟರ ಕಾರು, ಅದರ ಹಿಂದೆ ಬೀಗರ ಕಾರು, ಅದರ ಹಿಂದೆ ಬಂಧುಬಳಗದ ಸಾಲು. ಎಸಿ ನಮ್ಮ ಕಾರಿನಲ್ಲಿ ಇದ್ದದ್ದು ನಿಜ, ಈಗಲೂ ಇದೆ, ಆದರೆ ಕೆಲಸ ಮಾಡುವುದಿಲ್ಲ.

ಮೊದಲ ತಿರುವಿನಲ್ಲೇ ಕಾರು ಮಗ್ಗುಲಾಯಿತು. ಹಿಂದಿನಿಂದ ಒಂದು ಸಣ್ಣ ಕೂಗು. ನಾನು ಮೊದಲನೇ ಗೇರಿಗೆ ಇಳಿದೆ. ಎರಡನೇ ತಿರುವಿಗೆ ಮನುಷ್ಯ ನಡೆಯುವ ವೇಗಕ್ಕೆ ಇಳಿದೆ. ಒಂದು ಹಸು ನಮ್ಮನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿತು.

“ನಿಧಾನ,” ಎಂದಳು ಹೆಂಡತಿ. ಮರುಕ್ಷಣ, “ಬೇಗ ರೀ! ಕ್ರೀಮು ಬೆವರ್ತಾ ಇದೆ.”

“ನಿಧಾನಾನಾ, ಬೇಗಾನಾ?”

“ಎರಡೂ!”

ಜೋರಾಗಿ ಹೋದರೆ ಕೇಕು ಬೀಳುತ್ತಿತ್ತು. ನಿಧಾನ ಹೋದರೆ ಕರಗುತ್ತಿತ್ತು. ಹಿಂದಿನಿಂದ ಹಾರ್ನುಗಳ ಮೇಳ ಶುರುವಾಯಿತು. ಮದುಮಗಳು ಮೆಲ್ಲಗೆ ಕೇಳಿದಳು: “ಅಂಕಲ್, ನಿಜ ಹೇಳಿ. ಈ ಕಾರಿಗೆ ಏನೋ ಆಗಿದೆ ಅಲ್ವಾ?”

ನಾನು ಬ್ರೇಕು ಒತ್ತಿದೆ. ಇಡೀ ದಿಬ್ಬಣ ಗುಡ್ಡದ ನಡುವೆ ನಿಂತಿತು.

ಬೀಗರು ದಡದಡ ನಡೆದು ಬಂದರು. ಡಾಕ್ಟರು ಇನ್ನೊಂದು ಕಡೆಯಿಂದ. “ಏನ್ರೀ ಇದು? ಇಪ್ಪತ್ತೆರಡು ಇಟ್ಕೊಂಡು ಹೀಗೆ ಓಡಿಸ್ತಾರಾ? ಹೆಣ ಹೊತ್ತುಕೊಂಡು ಹೋಗೋರೂ ಇದಕ್ಕಿಂತ ಬೇಗ ಹೋಗ್ತಾರೆ!” ಎಂದರು ಬೀಗರು.

ನಾನು ಇಳಿದೆ. ರಸ್ತೆಯ ನಡುವೆ ನಿಂತು ಹೇಳಿಬಿಟ್ಟೆ. ನಮ್ಮದನ್ನೂ ಬೀಗರದನ್ನೂ ಮುಂದಿನಿಂದ ಅಳೆದದ್ದು, ಡಾಕ್ಟರದನ್ನು ಹಿಂದಿನಿಂದ ಅಳೆದದ್ದು, ನಮ್ಮ ಕಾರಿನ ಹಿಂದೆ ಕಂಬಿಯೇ ಇಲ್ಲದ್ದು.

ಡಾಕ್ಟರು ಕೈ ಚಾಚಿದರು. “ಕೊಡಿ ಅದನ್ನ.”

ಅಭ್ಯಾಸಬಲದಿಂದ ಕ್ಯಾಲಿಪರ್ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಡಾಕ್ಟರು ಸೂಟಿನಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ ತಮ್ಮ ಕಾರಿನ ಮೂಗಿನ ಕೆಳಗೆ ಹೋದರು. ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಹಾಳು ಹಲ್ಲು ಹುಡುಕುವ ಶ್ರದ್ಧೆಯಿಂದ ನೋಡಿದರು. ಬೀಗರಿಗೆ ನಂಬಿಕೆ ಸಾಲಲಿಲ್ಲ. ಅವರೂ ಪಕ್ಕದಲ್ಲಿ ಮಲಗಿದರು. ಬಂಧುಬಳಗಕ್ಕೆ ಕಂಡದ್ದು ನಾಲ್ಕು ಪಾಲಿಶ್ ಮಾಡಿದ ಬೂಟುಗಳು ಮಾತ್ರ.

“ಎಷ್ಟು ಬಂತು ಬೀಗರೇ?”

“ನೀವೇ ಓದಿ,” ಎಂದಿತು ಡಾಕ್ಟರ ದನಿ.

“...ಇಪ್ಪತ್ತನಾಲ್ಕು.”

“ಜೋರಾಗಿ ಹೇಳಿ.”

“ಇಪ್ಪತ್ತನಾಲ್ಕು ರೀ! ಸರಿಸಮ.”

ಹೊರಗೆ ಬಂದ ಇಬ್ಬರೂ ಒಬ್ಬರ ಬೆನ್ನಿನ ಧೂಳನ್ನು ಇನ್ನೊಬ್ಬರು ಕೊಡವಿದರು. ಆಮೇಲೆ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಬೈಗುಳವನ್ನು ನಾನಿಲ್ಲಿ ಬರೆಯುವುದಿಲ್ಲ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಹಳೆಯ ಗೆಳೆಯರೂ ಅಷ್ಟು ಹೊಂದಿಕೊಂಡು ಬೈಯಲಾರರು.

“ಎಲ್ರೂ ಬಾಯಿ ಮುಚ್ತೀರಾ?”

ನನ್ನ ಹೆಂಡತಿ. ಅವಳ ಕೆನ್ನೆಯ ಮೇಲೆ ಕ್ರೀಮು ಇತ್ತು. “ಎರಡನೇ ಅಂತಸ್ತು ಜಾರ್ತಾ ಇದೆ. ಮದುಮಗಳು ಅವರಪ್ಪನ ಕಾರಿಗೆ ಹೋಗ್ಲಿ, ಅದರ ಕಂಬಿ ಈಗ ಸರಿಯಾಯ್ತಲ್ಲ. ನೀವಿಬ್ರು ಬಂದು ಇಲ್ಲಿ ಹಿಂದೆ ಕೂತ್ಕೊಳ್ಳಿ. ಒಬ್ರು ಈ ಕಡೆ, ಒಬ್ರು ಆ ಕಡೆ.”

“ನಾವಾ?”

“ಇವರ ಕಾರಿಗೆ ಹಿಂದೆ ಕಂಬಿ ಇಲ್ವಂತೆ. ನೀವೇ ಕಂಬಿ.”

ಮದುಮಗಳು ಎಲ್ಲರಿಗಿಂತ ಮೊದಲು ನಕ್ಕಳು. ಅವಳು ನಕ್ಕ ಮೇಲೆ ಇಬ್ಬರು ಅಪ್ಪಂದಿರಿಗೂ ಬೇರೆ ದಾರಿ ಇರಲಿಲ್ಲ. ಹಲ್ಲಿನ ಡಾಕ್ಟರು ಎಡಗಡೆ, ಸಾಮಿಲ್ ಮಾಲೀಕರು ಬಲಗಡೆ, ನಡುವೆ ಕೇಕು, ಅದರ ಹಿಂದಿನಿಂದ ಇಬ್ಬರ ತೋಳುಗಳೂ ಒಂದನ್ನೊಂದು ಹೆಣೆದುಕೊಂಡವು. ಹೆಂಡತಿ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಆಜ್ಞೆ ಕೊಟ್ಟಳು.

“ಎಡಕ್ಕೆ ತಿರುವು! ಎಡಕ್ಕೆ ವಾಲಿ!”

ಇಬ್ಬರೂ ವಾಲಿದರು. ಬೀಗರ ತೂಕವೆಲ್ಲ ಡಾಕ್ಟರ ಕಡೆಗೆ. ಕಾರು ನೆಟ್ಟಗಿತ್ತು.

“ಬಲಕ್ಕೆ!”

ಈ ಸಲ ಡಾಕ್ಟರ ತೂಕವೆಲ್ಲ ಬೀಗರ ತೋಳಿನ ಮೇಲೆ. “ಬೀಗರೇ, ಇನ್ನೂ ಒತ್ತಿ, ಇನ್ನೂ ಒತ್ತಿ!” ಎಂದು ಬೀಗರು ಕೂಗಿದರು. ನಾನು ಎರಡನೇ ಗೇರಿಗೆ ಏರಿದೆ. ಆಮೇಲೆ, ಹೆಂಡತಿ ಬೇಡವೆನ್ನಲಿಲ್ಲವಾದ್ದರಿಂದ, ಮೂರನೆಯದಕ್ಕೆ.

ಹಾಲಿನಲ್ಲಿ ಕೇಕು ಮೇಜಿನ ಮೇಲೆ ನಿಂತಿತು. ಎರಡನೇ ಅಂತಸ್ತು ಒಂದು ಕೂದಲಿನಷ್ಟು ಸರಿದಿದ್ದಲ್ಲಿ ಹೆಂಡತಿ ಒಂದು ಸಕ್ಕರೆಯ ಹೂ ಅಂಟಿಸಿದಳು. ಮ್ಯಾನೇಜರು ಸುತ್ತ ಒಂದು ಸುತ್ತು ಬಂದು, ತಲೆ ಓರೆ ಮಾಡಿ ನೋಡಿ, “ಈ ರಸ್ತೇಲಿ ಇಷ್ಟು ನೆಟ್ಟಗೆ ಹೇಗೆ ತಂದ್ರಿ ಅಮ್ಮಾ?” ಎಂದ.

“ನಮ್ಮ ಮನೆಯವರು ಓಡಿಸಿದ್ದು,” ಎಂದಳು. ಕಂಬಿಗಳ ಹೆಸರು ಹೇಳಲಿಲ್ಲ. ಕಂಬಿಗಳು ಆಗಲೇ ಒಂದೇ ಸೋಫಾದಲ್ಲಿ ಕೂತು, ಒಂದರ ಸೊಂಟ ಇನ್ನೊಂದು ತಿಕ್ಕಿಕೊಡುತ್ತಿದ್ದವು.

ವಾಪಸ್ಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ಹಿಂದಿನ ಸೀಟು ಖಾಲಿ, ಕಂಬಿಯೂ ಇಲ್ಲ, ಕೇಕೂ ಇಲ್ಲ. ಮೊದಲ ತಿರುವಿನಲ್ಲಿ ಕಾರು ಹಾಯಾಗಿ ವಾಲಿತು. ದಣಿದಿದ್ದ ಹೆಂಡತಿ ಜಾರಿ ಬಂದು ನನ್ನ ಭುಜಕ್ಕೆ ಒರಗಿದಳು. ಕಾರು ನೆಟ್ಟಗಾದ ಮೇಲೂ ತಲೆ ಎತ್ತಲಿಲ್ಲ.

“ಒಂದು ದಪ್ಪ ಕಂಬಿ ಹಾಕಿಸೋಣ್ವಾ, ಹಿಂದುಗಡೆ?” ಎಂದೆ.

“ಸುಮ್ನೆ ಓಡ್ಸಿ,” ಎಂದಳು, ಕಣ್ಣು ಮುಚ್ಚಿಕೊಂಡೇ.

ಗುಡ್ಡದ ಬುಡದಲ್ಲಿ ಮನೆಗೆ ಎರಡು ದಾರಿ ಇವೆ. ನೇರ ದಾರಿ ಬಿಟ್ಟು, ತಿರುವು ಜಾಸ್ತಿ ಇರುವುದನ್ನು ಹಿಡಿದೆ.